ಹೊಳೆಯುವ ಗಡಿಯಾರದ ಹಿಂದಿನ ಕತ್ತಲೆ

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತವರ ಕೈಗೆಟಕುವಂತೆ ಒಂದು ಪುಟ್ಟ ಬಟ್ಟಲು, ಅದರಲ್ಲಿ ಒದ್ದೆಯಾದ ಸ್ಪಂಜು ಇರುವುದನ್ನು ಎಲ್ಲರೂ ನೋಡಿದ್ದಾರೆ. ನೋಟು ಎಣಿಸುವ ಯಂತ್ರ ಬಂದ ಮೇಲೂ ಆ ಬಟ್ಟಲು ಹಲವು ಕಡೆ ಉಳಿದುಕೊಂಡಿದೆ. ಅದು ಇಲ್ಲದಿದ್ದರೆ ಬೆರಳು ತಾನಾಗಿಯೇ ನಾಲಿಗೆಯ ಕಡೆಗೆ ಹೋಗುತ್ತದೆ. ನೂರು ಕೈ ದಾಟಿ ಬಂದ ನೋಟಿನ ಕೊಳೆ ಹೊಟ್ಟೆಗೆ ಸೇರುತ್ತದೆ. ದರ್ಜಿಗಳೂ ಅಷ್ಟೇ. ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗ ದಾರದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡುತ್ತಾರೆ. ಯಾರೂ ಇದನ್ನು ತಪ್ಪೆಂದು ಎಣಿಸುವುದಿಲ್ಲ. ಕೆಲಸ ಬೇಗ ಆಗಬೇಕು, ಅಷ್ಟೇ.

ಇಂತಹದೇ ಒಂದು ಸಣ್ಣ ಅಭ್ಯಾಸ ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಹಲವಾರು ಯುವತಿಯರ ಪ್ರಾಣ ತೆಗೆಯಿತು. ಅವರು ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಆ ಬಣ್ಣದಲ್ಲಿ ರೇಡಿಯಂ ಇತ್ತು. ಇಂದು ಜಗತ್ತಿನ ಯಾವುದೇ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಇರುವ ರಕ್ಷಣೆಯ ನಿಯಮಗಳ ಹಿಂದೆ ಈ ಹೆಣ್ಣುಮಕ್ಕಳ ನೋವು ಇದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ.

ಹೆಸರು ರೇಡಿಯಂ, ಒಳಗೆ ರೇಡಿಯಂ ಇಲ್ಲ

ಮುಂಬಯಿಯಿಂದ ಮಂಗಳೂರಿನವರೆಗೆ ರಸ್ತೆ ಬದಿಯಲ್ಲಿ 'ರೇಡಿಯಂ ಕಟಿಂಗ್' ಎಂಬ ಫಲಕಗಳು ಕಾಣಸಿಗುತ್ತವೆ. ರಿಕ್ಷಾ, ಟೆಂಪೋ, ಸ್ಕೂಟರುಗಳಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರಿಗೆ ನಮ್ಮ ಜನ ಇಟ್ಟ ಹೆಸರು ರೇಡಿಯಂ. ವಾಸ್ತವದಲ್ಲಿ ಅದರಲ್ಲಿ ರೇಡಿಯಂನ ಲವಲೇಶವೂ ಇಲ್ಲ. ಹಿಂದಿನಿಂದ ಬರುವ ವಾಹನದ ದೀಪದ ಬೆಳಕನ್ನು ಅದು ಮರಳಿ ಚೆಲ್ಲುತ್ತದೆ. ಆದರೆ ಹೊಳೆಯುವುದೆಲ್ಲ ರೇಡಿಯಂ ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ, ನಿಜವಾಗಿಯೂ ರೇಡಿಯಂನಿಂದ ಹೊಳೆಯುತ್ತಿದ್ದ ಹಳೆಯ ಕಾಲದ ಗಡಿಯಾರಗಳತ್ತ ಬರಬೇಕಾಗುತ್ತದೆ.

ರೇಡಿಯಂ ಅನ್ನು 1898ರಲ್ಲಿ ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿ ಮತ್ತು ಪಿಯರಿ ಕ್ಯೂರಿ ದಂಪತಿ ಕಂಡುಹಿಡಿದರು. ಅದು ಯಾವ ಬೆಂಕಿ, ವಿದ್ಯುತ್ತು ಇಲ್ಲದೆ ತನ್ನಷ್ಟಕ್ಕೆ ಶಕ್ತಿಯನ್ನು ಹೊರಸೂಸುತ್ತದೆ. ಝಿಂಕ್ ಸಲ್ಫೈಡ್ ಎಂಬ ಪುಡಿಯ ಜತೆ ಬೆರೆಸಿದರೆ ಆ ಶಕ್ತಿ ತಗುಲಿ ಪುಡಿ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ. ಈ ಪುಡಿಗೆ ಅಂಟು ಮತ್ತು ನೀರು ಸೇರಿಸಿ ಕಲಸಿದರೆ ಕತ್ತಲಲ್ಲಿ ಬೆಳಗುವ ಬಣ್ಣ ಸಿದ್ಧ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಂದಕದಲ್ಲಿ ಕುಳಿತ ಸೈನಿಕ ಬೆಂಕಿಕಡ್ಡಿ ಗೀರದೆ ಸಮಯ ನೋಡಬೇಕಿತ್ತು. ವಿಮಾನದ ಉಪಕರಣಗಳೂ ಕತ್ತಲಲ್ಲಿ ಕಾಣಬೇಕಿತ್ತು. ಈ ಬಣ್ಣಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು.

ಆಗಿನ ಜನರಿಗೆ ರೇಡಿಯಂ ಎಂದರೆ ಸಂಜೀವಿನಿಯೇ ಎಂಬಂತಿತ್ತು. ಅದನ್ನು ಬೆರೆಸಿದ ನೀರನ್ನು ಟಾನಿಕ್ ಎಂದು ಮಾರುತ್ತಿದ್ದರು. ಬೆಲೆಯಂತೂ ಕೇಳುವುದೇ ಬೇಡ. 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಮೇರಿ ಕ್ಯೂರಿಯವರಿಗೆ ಸಂಶೋಧನೆಗಾಗಿ ರೇಡಿಯಂ ಕೊಡಿಸಿದಾಗ, ಒಂದೇ ಒಂದು ಗ್ರಾಂಗೆ 1 ಲಕ್ಷ ಡಾಲರ್ ತೆರಬೇಕಾಯಿತು. ಈ ಬೆಲೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಲೆಕ್ಕಕ್ಕೆ ಬರುತ್ತದೆ.

ತುಟಿಗೆ, ಬಣ್ಣಕ್ಕೆ, ಅಂಕಿಗೆ

ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ ಇಂತಹ ಒಂದು ಕಾರ್ಖಾನೆ ಇತ್ತು. ಸಾಬಿನ್ ವಾನ್ ಸೊಚೊಕಿ ಎಂಬ ವೈದ್ಯರು ಸ್ಥಾಪಿಸಿದ ಈ ಕಂಪನಿ 1921ರಲ್ಲಿ 'ಯುನೈಟೆಡ್ ಸ್ಟೇಟ್ಸ್ ರೇಡಿಯಂ ಕಾರ್ಪೊರೇಶನ್' ಎಂದು ಹೆಸರು ಬದಲಿಸಿಕೊಂಡಿತು. ಅವರ ಬಣ್ಣದ ಹೆಸರು 'ಅನ್‌ಡಾರ್ಕ್'. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗಿಯರು. ಅಕ್ಕ ಸೇರಿದರೆ ತಂಗಿ, ತಂಗಿಯ ಹಿಂದೆ ನೆರೆಮನೆಯ ಗೆಳತಿ ಎಂಬಂತೆ ಒಬ್ಬರನ್ನೊಬ್ಬರು ಕರೆತಂದರು. ದಕ್ಷಿಣ ಕನ್ನಡದ ಮನೆ ಮನೆಗಳಲ್ಲಿ ಸಾವಿರ ಬೀಡಿಗೆ ಇಂತಿಷ್ಟು ಎಂದು ಮಜೂರಿ ಪಡೆಯುವ ಹಾಗೆ, ಇಲ್ಲಿ ಡಯಲಿಗೆ ಇಂತಿಷ್ಟು ಎಂಬ ಲೆಕ್ಕ. ಒಂದು ಡಯಲಿಗೆ ಸುಮಾರು ಒಂದೂವರೆ ಸೆಂಟ್. ಕೈಚಳಕ ಇದ್ದವರು ದಿನಕ್ಕೆ 250ರಷ್ಟು ಮುಗಿಸುತ್ತಿದ್ದರು. ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಅದು ಒಳ್ಳೆಯ ಸಂಬಳವೇ.

ಕೈಗಡಿಯಾರದ ಅಂಕಿ ಎಂದರೆ ಕೂದಲೆಳೆಯಷ್ಟು ಸಪೂರ. ನಾಲ್ಕಾರು ಅಂಕಿ ಬರೆಯುವಷ್ಟರಲ್ಲಿ ಕುಂಚದ ಕೂದಲು ಹರಡಿಕೊಳ್ಳುತ್ತಿತ್ತು. ಅದನ್ನು ನೀರಿನಲ್ಲಿ ಅದ್ದಿ ತೊಳೆದರೆ ಚಿನ್ನಕ್ಕಿಂತ ದುಬಾರಿಯಾದ ಬಣ್ಣ ಪೋಲಾಗುತ್ತದೆ, ಹೊತ್ತೂ ಹೋಗುತ್ತದೆ. ಹಾಗಾಗಿ ಕುಂಚವನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡಬೇಕೆಂದು ಮೇಲ್ವಿಚಾರಕಿಯರೇ ಹೇಳಿಕೊಡುತ್ತಿದ್ದರು. ತುಟಿಗೆ, ಬಣ್ಣಕ್ಕೆ, ಅಂಕಿಗೆ, ಮತ್ತೆ ತುಟಿಗೆ. ದಿನವಿಡೀ ಇದೇ ಸುತ್ತು. ಪ್ರತಿ ಸಾರಿಯೂ ಒಂದಿಷ್ಟು ಬಣ್ಣ ಹೊಟ್ಟೆಗೆ ಹೋಗುತ್ತಿತ್ತು. ಯುರೋಪಿನ ಕೆಲವು ಕಡೆ ಇದೇ ಕೆಲಸಕ್ಕೆ ಗಾಜಿನ ಕಡ್ಡಿ ಬಳಸುತ್ತಿದ್ದರು. ಅದನ್ನು ಯಾರೂ ಬಾಯಿಗಿಡುವಂತಿರಲಿಲ್ಲ.

ಹುಡುಗಿಯರಿಗೆ ಇದೊಂದು ಮೋಜು. ಬಣ್ಣದ ಪುಡಿ ತಲೆಗೂದಲು, ಬಟ್ಟೆ ಎಲ್ಲದರ ಮೇಲೂ ಕೂರುತ್ತಿತ್ತು. ಸಂಜೆ ಮನೆಗೆ ನಡೆದು ಹೋಗುವಾಗ ಅವರು ಕತ್ತಲಲ್ಲಿ ಮಿಣುಕುತ್ತಿದ್ದರು. ಕೆಲವರು ಉಗುರಿಗೂ ಹಲ್ಲಿಗೂ ಬಳಿದುಕೊಂಡು ನಕ್ಕದ್ದುಂಟು. 1917ರಲ್ಲಿ ಹದಿನೆಂಟರ ಹರೆಯದಲ್ಲಿ ಕೆಲಸಕ್ಕೆ ಸೇರಿದ ಗ್ರೇಸ್ ಫ್ರೈಯರ್ ಎಂಬಾಕೆ, ಮೂಗು ಒರೆಸಿದ ಕರವಸ್ತ್ರ ಕತ್ತಲಲ್ಲಿ ಹೊಳೆಯುತ್ತಿದ್ದುದನ್ನು ಮುಂದೆ ನೆನಪಿಸಿಕೊಂಡಿದ್ದರು.

ತಿಳಿದವರಿಗೆ ಸೀಸದ ತಡೆ

ರೇಡಿಯಂ ಅಪಾಯಕಾರಿ ಎಂದು ಆಗ ಯಾರಿಗೂ ಗೊತ್ತೇ ಇರಲಿಲ್ಲವೇ? ಇತ್ತು. ಅದನ್ನು ಹಿಡಿದವರ ಬೆರಳು ಸುಡುತ್ತದೆ, ಚರ್ಮ ಹುಣ್ಣಾಗುತ್ತದೆ ಎಂಬುದು ವಿಜ್ಞಾನಿಗಳಿಗೆ ಮೊದಲಿನ ಕೆಲವೇ ವರ್ಷಗಳಲ್ಲಿ ತಿಳಿದಿತ್ತು. ಆರೆಂಜ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸಾಯನ ತಜ್ಞರು ಸೀಸದ ತಡೆಯ ಹಿಂದೆ ನಿಂತು, ಮುಖಕ್ಕೆ ಮುಸುಕು ಹಾಕಿ, ಇಕ್ಕಳದಿಂದ ರೇಡಿಯಂ ಎತ್ತುತ್ತಿದ್ದರು. ಅದೇ ಆವರಣದಲ್ಲಿ ಬಣ್ಣ ಬಳಿಯುವ ಹುಡುಗಿಯರಿಗೆ ಕೈಗವಸು ಕೂಡ ಇರಲಿಲ್ಲ.

ಒಂದು ದಿನ ಕೆಲಸದ ಕೋಣೆಯ ಮೂಲಕ ಹಾದುಹೋಗುತ್ತಿದ್ದ ವಾನ್ ಸೊಚೊಕಿ, ಕುಂಚ ಬಾಯಿಗಿಟ್ಟುಕೊಂಡಿದ್ದ ಗ್ರೇಸ್‌ಳನ್ನು ಕಂಡು ಹಾಗೆ ಮಾಡಬೇಡ, ಕಾಯಿಲೆ ಬೀಳುತ್ತೀ ಎಂದು ಹೇಳಿದ್ದರಂತೆ. ಆಕೆ ಹೋಗಿ ಮೇಲ್ವಿಚಾರಕಿಯನ್ನು ಕೇಳಿದಳು. ಅಂತಹದೇನೂ ಇಲ್ಲ ಎಂಬ ಉತ್ತರ ಬಂತು. ಆಕೆ ಕೆಲಸ ಮುಂದುವರಿಸಿದಳು. ಇದು ಗ್ರೇಸ್ ಅವರೇ ನಂತರ ಹೇಳಿದ ವಿಚಾರ. ಗೋಡೆಗೆ ಅಂಟಿಸಿದ ಒಂದು ಎಚ್ಚರಿಕೆಯ ಹಾಳೆ, ಮೇಜಿನ ಮೇಲೆ ಒಂದು ಬಟ್ಟಲು ನೀರು, ಒಂದು ಒದ್ದೆ ಬಟ್ಟೆ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ! ವಿಪರ್ಯಾಸವೆಂದರೆ ವಾನ್ ಸೊಚೊಕಿಯವರನ್ನೂ ರೇಡಿಯಂ ಬಿಡಲಿಲ್ಲ. ರಕ್ತ ಉತ್ಪತ್ತಿಯೇ ನಿಂತುಹೋಗುವ ರೋಗದಿಂದ ಅವರು 1928ರಲ್ಲಿ ತೀರಿಕೊಂಡರು. 1934ರಲ್ಲಿ ಮೇರಿ ಕ್ಯೂರಿಯವರನ್ನು ಕೊಂಡೊಯ್ದದ್ದೂ ಅದೇ ಬಗೆಯ ರೋಗ.

ಮೂಳೆಯಲ್ಲಿ ಕುಳಿತ ವಿಷ

ನಮ್ಮ ದೇಹ ಹಾಲು, ರಾಗಿಯಿಂದ ಸಿಗುವ ಸುಣ್ಣದ ಅಂಶವನ್ನು ಎಲುಬಿಗೆ ಸೇರಿಸುತ್ತದೆ. ರೇಡಿಯಂ ಆ ಸುಣ್ಣದ ಅಂಶದ ಕುಲಕ್ಕೇ ಸೇರಿದ್ದು. ಹೊಟ್ಟೆಗೆ ಹೋದುದರಲ್ಲಿ ಬಹುಪಾಲು ಹೊರಗೆ ಹೋದರೂ ಉಳಿದದ್ದನ್ನು ದೇಹ ಸುಣ್ಣವೆಂದೇ ನಂಬಿ ಮೂಳೆಯಲ್ಲಿ ಕೂರಿಸುತ್ತದೆ. ಅದರಿಂದ ಹೊರಡುವ ಆಲ್ಫಾ ಕಣಗಳನ್ನು ಒಂದು ಕಾಗದದ ಹಾಳೆ ತಡೆಯಬಲ್ಲುದು. ಹೊರಗಿದ್ದರೆ ಅವು ಚರ್ಮ ದಾಟಿ ಒಳಹೋಗಲಾರವು. ಆದರೆ ಒಳಗೇ ಕುಳಿತರೆ ಅಕ್ಕಪಕ್ಕದ ಜೀವಕೋಶಗಳನ್ನು ಹಗಲಿರುಳು ಹೊಡೆಯುತ್ತಲೇ ಇರುತ್ತವೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಮನುಷ್ಯನ ಆಯುಷ್ಯದಲ್ಲಿ ಈ ಸಾಲ ತೀರುವಂತಹುದಲ್ಲ.

ಮೊದಲು ಹಲ್ಲು ನೋವು ಬರುತ್ತಿತ್ತು. ಹಲ್ಲು ಕಿತ್ತರೆ ಗಾಯ ಮಾಯುತ್ತಿರಲಿಲ್ಲ. ಮುಂದೆ ದವಡೆಯೇ ಕೊಳೆಯುತ್ತಿತ್ತು. ಮೊಲ್ಲಿ ಮಾಗಿಯಾ ಎಂಬ ಯುವತಿಯ ದವಡೆಯ ಎಲುಬು ದಂತವೈದ್ಯರ ಬೆರಳಿಗೇ ಕಳಚಿ ಬಂತು. 1922ರ ಸೆಪ್ಟೆಂಬರಿನಲ್ಲಿ, 24ರ ಹರೆಯದಲ್ಲಿ ಆಕೆ ತೀರಿಕೊಂಡಳು. ಮರಣಪತ್ರದಲ್ಲಿ ಬರೆದದ್ದು ಸಿಫಿಲಿಸ್ ಎಂಬ ಗುಹ್ಯರೋಗದ ಹೆಸರನ್ನು. ಸತ್ತವಳಿಗೆ ಕಳಂಕ, ಮನೆಯವರಿಗೆ ಅವಮಾನ. 1927ರಲ್ಲಿ ಸಮಾಧಿಯಿಂದ ದೇಹವನ್ನು ಹೊರತೆಗೆದು ಪರೀಕ್ಷಿಸಿದಾಗ ಎಲುಬುಗಳಲ್ಲಿ ರೇಡಿಯಂ ಪತ್ತೆಯಾಯಿತು. ಆ ರೋಗದ ಸುಳಿವೇ ಇರಲಿಲ್ಲ. ಸತ್ತು ಐದು ವರ್ಷಗಳ ಮೇಲೆ ಆಕೆಯ ಹೆಸರು ಶುದ್ಧವಾಯಿತು.

ಮುಚ್ಚಿಟ್ಟ ವರದಿ

ಗುಸುಗುಸು ಹಬ್ಬಿ ಹುಡುಗಿಯರು ಕೆಲಸಕ್ಕೆ ಬರಲು ಹಿಂಜರಿಯತೊಡಗಿದಾಗ ಕಂಪನಿಯೇ 1924ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸೆಸಿಲ್ ಡ್ರಿಂಕರ್, ಅವರ ಪತ್ನಿ ಕ್ಯಾಥರೀನ್ ಡ್ರಿಂಕರ್ ಮತ್ತು ವಿಲಿಯಂ ಕ್ಯಾಸಲ್ ಅವರನ್ನು ತನಿಖೆಗೆ ಕರೆಸಿತು. ಕತ್ತಲ ಕೋಣೆಯಲ್ಲಿ ನಿಲ್ಲಿಸಿ ನೋಡಿದರೆ ಕೆಲಸಗಾರ್ತಿಯರ ಕೂದಲು, ಮುಖ, ಕೈ, ಒಳ ಉಡುಪು ಕೂಡ ಹೊಳೆಯುತ್ತಿತ್ತು. ಕೆಲಸದ ಕೋಣೆಯ ಧೂಳೂ ಹೊಳೆಯುತ್ತಿತ್ತು. ರೇಡಿಯಂನಿಂದಲೇ ಕಾಯಿಲೆ ಬರುತ್ತಿದೆ, ಕೂಡಲೇ ರಕ್ಷಣೆ ಬೇಕು ಎಂದು ಅವರು ವರದಿ ಕೊಟ್ಟರು.

ಕಂಪನಿ ವರದಿಯನ್ನು ಒಳಗಿಟ್ಟುಕೊಂಡಿತು. ರಾಜ್ಯದ ಕಾರ್ಮಿಕ ಇಲಾಖೆಗೆ ಮಾತ್ರ ಹುಡುಗಿಯರೆಲ್ಲ ಆರೋಗ್ಯವಾಗಿದ್ದಾರೆಂದು ತೋರಿಸುವ ತಿರುಚಿದ ಅಂಕಿಅಂಶ ಹೋಯಿತು. ವಿಷಯ ತಿಳಿದ ಡ್ರಿಂಕರ್ ದಂಪತಿ ಬೆದರಿಕೆಗೆ ಬಗ್ಗದೆ 1925ರಲ್ಲಿ ನಿಜವಾದ ವರದಿಯನ್ನು ಪ್ರಕಟಿಸಿದರು. ಅದೇ ವರ್ಷ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಸರಕಾರಿ ವೈದ್ಯಾಧಿಕಾರಿ, ಸತ್ತವರ ಮೂಳೆಯಲ್ಲೂ ಬದುಕಿದ್ದವರ ಉಸಿರಿನಲ್ಲೂ ವಿಕಿರಣ ಇರುವುದನ್ನು ಪರೀಕ್ಷೆಯಿಂದ ತೋರಿಸಿಕೊಟ್ಟರು.

ಇಲ್ಲಿ ಒಂದು ಸಂಘದ ಪಾತ್ರವನ್ನು ಹೇಳಲೇಬೇಕು. ನ್ಯೂಜೆರ್ಸಿಯ ಬಳಕೆದಾರರ ಸಂಘದ ಕಾರ್ಯದರ್ಶಿ ಕ್ಯಾಥರೀನ್ ವೈಲಿ ರೋಗಿಗಳ ಮನೆ ಮನೆಗೆ ಹೋದರು, ಮಾಹಿತಿ ಕಲೆಹಾಕಿದರು, ಇಲಾಖೆಗಳ ಬಾಗಿಲು ತಟ್ಟಿದರು. ಅವರಂತಹವರ ಒತ್ತಾಯದಿಂದಲೇ 1926ರಲ್ಲಿ ರೇಡಿಯಂನಿಂದ ಬರುವ ಎಲುಬಿನ ಕೊಳೆತ ಆ ರಾಜ್ಯದಲ್ಲಿ ಪರಿಹಾರ ಸಿಗಬೇಕಾದ ರೋಗಗಳ ಪಟ್ಟಿಗೆ ಸೇರಿತು. ಒಬ್ಬ ಕಾರ್ಯದರ್ಶಿ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದು ಉತ್ತಮ ಉದಾಹರಣೆ ಎನ್ನುವುದರಲ್ಲಿ ಎರಡು ಮಾತಿಲ್ಲ.

ಕಾಲಮಿತಿಯ ಗೋಡೆ

ಗ್ರೇಸ್ ಫ್ರೈಯರ್ 1920ರಲ್ಲೇ ಆ ಕೆಲಸ ಬಿಟ್ಟು ಬ್ಯಾಂಕೊಂದರಲ್ಲಿ ನೌಕರಿಗೆ ಸೇರಿದ್ದರು. ಎರಡು ವರ್ಷಗಳ ಬಳಿಕ ಹಲ್ಲು ಉದುರತೊಡಗಿತು. ಬೆನ್ನುಮೂಳೆ ಕುಸಿಯಿತು. ನೆಟ್ಟಗೆ ನಿಲ್ಲಲು ಉಕ್ಕಿನ ಪಟ್ಟಿ ಕಟ್ಟಿಕೊಂಡೇ ಆಕೆ ಬ್ಯಾಂಕಿಗೆ ಹೋಗುತ್ತಿದ್ದರು. ಮೊಕದ್ದಮೆ ಹೂಡಲು ವಕೀಲರು ಸಿಗಲಿಲ್ಲ. ಎರಡು ವರ್ಷ ಹುಡುಕಿದ ಮೇಲೆ 1927ರಲ್ಲಿ ರೇಮಂಡ್ ಬೆರಿ ಎಂಬ ತರುಣ ವಕೀಲರು ಒಪ್ಪಿದರು. ಕ್ಯಾಥರೀನ್ ಶಾಬ್, ಎಡ್ನಾ ಹಸ್ಮನ್, ಮೊಲ್ಲಿಯ ಸಹೋದರಿಯರಾದ ಕ್ವಿಂಟಾ ಮೆಕ್‌ಡೊನಾಲ್ಡ್ ಮತ್ತು ಅಲ್ಬೀನಾ ಲಾರಿಸ್ ಜತೆಗೂಡಿದರು. ಹೀಗೆ ಐವರು.

ಕಂಪನಿಯ ವಾದ ಸರಳವಾಗಿತ್ತು. ಹಾನಿಯಾದ ಎರಡು ವರ್ಷದೊಳಗೆ ದಾವೆ ಹೂಡಬೇಕು ಎಂಬುದು ಅಲ್ಲಿನ ಕಾನೂನು. ಇವರು ಕೆಲಸ ಬಿಟ್ಟು ಅದಕ್ಕಿಂತ ಹೆಚ್ಚು ಕಾಲವಾಗಿದೆ, ಹಾಗಾಗಿ ದಾವೆ ನಡೆಯದು. ನಮ್ಮಲ್ಲೂ ಪ್ರಾಮಿಸರಿ ನೋಟಿಗೆ ಮೂರು ವರ್ಷದ ಕಾಲಮಿತಿ ಇದೆ. ಸಾಲ ಕೊಟ್ಟವನಿಗೆ ಕೊಟ್ಟ ತಾರೀಕು ಗೊತ್ತಿರುತ್ತದೆ, ಗಡುವು ನ್ಯಾಯವೇ. ಆದರೆ ಒಳಗೆ ವಿಷ ಸೇರಿದೆ ಎಂಬುದೇ ಐದು ವರ್ಷದ ಮೇಲೆ ತಿಳಿದರೆ? ಅದೂ ತಿಳಿದವರು ಹೇಳದೆ ಮುಚ್ಚಿಟ್ಟಿದ್ದರೆ? ವಿಷ ಇನ್ನೂ ಮೂಳೆಯಲ್ಲೇ ಇದೆ, ಇಂದೂ ಹಾನಿ ಮಾಡುತ್ತಿದೆ, ಆದ್ದರಿಂದ ಗಡುವು ಮುಗಿದಿಲ್ಲ ಎಂದು ಬೆರಿ ವಾದಿಸಿದರು.

1928ರ ವಿಚಾರಣೆಯಲ್ಲಿ ಕೈಯೆತ್ತಿ ಪ್ರಮಾಣ ಮಾಡಲೂ ಶಕ್ತಿಯಿಲ್ಲದವರು ಆ ಐವರಲ್ಲಿ ಇದ್ದರು. ಆದರೂ ವಿಚಾರಣೆ ಏಪ್ರಿಲಿನಿಂದ ಸೆಪ್ಟೆಂಬರಿಗೆ ಮುಂದೆ ಹೋಯಿತು. ಸಾಯುತ್ತಿರುವವರಿಗೆ ತಾರೀಕಿನ ಮೇಲೆ ತಾರೀಕು! ಪತ್ರಿಕೆಗಳು ಗುಡುಗಿದವು. ವಾಲ್ಟರ್ ಲಿಪ್‌ಮನ್ ಅವರು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದ ಸಂಪಾದಕೀಯಗಳು ದೇಶದ ಕಣ್ಣು ತೆರೆಸಿದವು. ಕೊನೆಗೆ ಜೂನ್ ತಿಂಗಳಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಒಬ್ಬೊಬ್ಬರಿಗೆ 10 ಸಾವಿರ ಡಾಲರ್, ಬದುಕಿರುವಷ್ಟು ಕಾಲ ವರ್ಷಕ್ಕೆ 600 ಡಾಲರ್ ಮತ್ತು ಚಿಕಿತ್ಸೆಯ ವೆಚ್ಚ.

ಈಗ ರೇಡಿಯಂ ಬೆಲೆಯನ್ನು ನೆನಪಿಸಿಕೊಳ್ಳಬೇಕು. ಗ್ರಾಂಗೆ 1 ಲಕ್ಷ ಡಾಲರ್. ಅಂದರೆ ಒಂದು ಜೀವಕ್ಕೆ ಸಿಕ್ಕಿದ್ದು ಒಂದು ಗ್ರಾಂ ರೇಡಿಯಂನ ಹತ್ತನೇ ಒಂದು ಭಾಗದ ಬೆಲೆ. ವರ್ಷಾಶನವನ್ನು ಕ್ವಿಂಟಾ ಅನುಭವಿಸಿದ್ದು ಒಂದೂವರೆ ವರ್ಷ ಮಾತ್ರ. 1929ರ ಡಿಸೆಂಬರಿನಲ್ಲಿ ತೀರಿಕೊಂಡರು. 1933ರಲ್ಲಿ ಕ್ಯಾಥರೀನ್ ಶಾಬ್, ಅದೇ ವರ್ಷ ಗ್ರೇಸ್.

ಹಾಸಿಗೆಯ ಬಳಿ ನಡೆದ ವಿಚಾರಣೆ

ಇಷ್ಟಾದ ಮೇಲೆ ಎಲ್ಲರೂ ಎಚ್ಚೆತ್ತುಕೊಂಡಿರಬಹುದು ಎಂದುಕೊಂಡರೆ ತಪ್ಪು. ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಪಟ್ಟಣದಲ್ಲಿ 1922ರಿಂದ 'ರೇಡಿಯಂ ಡಯಲ್' ಎಂಬ ಬೇರೊಂದು ಕಂಪನಿ ಇತ್ತು. ನ್ಯೂಜೆರ್ಸಿಯ ಸುದ್ದಿ ಓದಿ ಅಲ್ಲಿನ ಹುಡುಗಿಯರು ಹೆದರಿದಾಗ, ಕಂಪನಿ ಊರಿನ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಹಾಕಿಸಿ ಇಲ್ಲಿ ಯಾವ ಅಪಾಯವೂ ಇಲ್ಲ ಎಂದು ಸಾರಿತು. ಅವರ ವೈದ್ಯಕೀಯ ಪರೀಕ್ಷೆಯ ಫಲಿತಾಂಶವನ್ನು ಅವರಿಗೇ ತಿಳಿಸಲಿಲ್ಲ.

ಕ್ಯಾಥರೀನ್ ಡೊನೊಹ್ಯೂ ಅಲ್ಲಿ ಒಂಬತ್ತು ವರ್ಷ ದುಡಿದವರು. ಕುಂಟುತ್ತ ನಡೆಯುವುದು ಕಂಡಿದ್ದೇ 1931ರಲ್ಲಿ ಕೆಲಸದಿಂದ ತೆಗೆದರು. ಲಿಯೊನಾರ್ಡ್ ಗ್ರಾಸ್‌ಮನ್ ಎಂಬ ವಕೀಲರು ಶುಲ್ಕ ಪಡೆಯದೆ ಅವರ ಪರ ನಿಂತರು. 1938ರ ಫೆಬ್ರವರಿಯ ವಿಚಾರಣೆಯಲ್ಲಿ ತನ್ನ ರೋಗಕ್ಕೆ ಮದ್ದಿಲ್ಲ ಎಂಬ ವೈದ್ಯರ ಸಾಕ್ಷ್ಯ ಕೇಳಿ ಆಕೆ ಕುಸಿದುಬಿದ್ದರು. ಮರುದಿನ ಆಯೋಗವೇ ಅವರ ಮನೆಗೆ ಬಂದು ಹಾಸಿಗೆಯ ಬಳಿ ಹೇಳಿಕೆ ಪಡೆಯಿತು. ತೀರ್ಪು ಆಕೆಯ ಪರವಾಗಿಯೇ ಬಂತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕಿತು. ಆ ಜುಲೈಯಲ್ಲಿ ಕ್ಯಾಥರೀನ್ ಕಣ್ಣುಮುಚ್ಚಿದರು. 1939ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಂಪನಿಯ ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಗೆಲುವು ಸಿಕ್ಕಾಗ ಗೆದ್ದವಳು ಇರಲಿಲ್ಲ. 2011ರಲ್ಲಿ ಅಲ್ಲಿನ ಒಬ್ಬ ಶಾಲಾ ವಿದ್ಯಾರ್ಥಿನಿಯ ಪ್ರಯತ್ನದಿಂದ ಈ ಹೆಣ್ಣುಮಕ್ಕಳ ನೆನಪಿಗೆ ಒಂದು ಕಂಚಿನ ಪ್ರತಿಮೆ ನಿಂತಿದೆ.

ಕೋಟಿಯಲ್ಲಿ ಒಂದು ಭಾಗ

ಎರಡನೆಯ ಮಹಾಯುದ್ಧ ಬಂದಾಗ ಹೊಳೆಯುವ ಡಯಲುಗಳಿಗೆ ಮತ್ತೆ ಬೇಡಿಕೆ ಬಂತು. ಈ ಸಲ ನಿಯಮ ಮಾಡಿ ಕೆಲಸ ಕೊಡಬೇಕೆಂಬ ತಿಳಿವಳಿಕೆ ಇತ್ತು. ಎಂ.ಐ.ಟಿ.ಯ ವಿಜ್ಞಾನಿ ರಾಬ್ಲಿ ಇವಾನ್ಸ್ ಮೊದಲಾದವರು ಬಣ್ಣ ಬಳಿದ ಮಹಿಳೆಯರ ದೇಹದಲ್ಲಿ ಎಷ್ಟು ರೇಡಿಯಂ ಇದೆ, ಯಾರಿಗೆ ಕಾಯಿಲೆ ಬಂದಿದೆ, ಯಾರಿಗೆ ಬಂದಿಲ್ಲ ಎಂದು ಅಳೆದಿದ್ದರು. ಅದರ ಆಧಾರದ ಮೇಲೆ 1941ರಲ್ಲಿ ಒಬ್ಬರ ದೇಹದಲ್ಲಿ ರೇಡಿಯಂ 0.1 ಮೈಕ್ರೊಗ್ರಾಂ ಮೀರಕೂಡದು ಎಂಬ ಮಿತಿ ಬಂತು. ಒಂದು ಗ್ರಾಂ ಅನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ! ಅಣುಬಾಂಬಿನ ಯೋಜನೆಯಲ್ಲಿ ಪ್ಲುಟೋನಿಯಂ ಜತೆ ಕೆಲಸ ಮಾಡಿದವರ ರಕ್ಷಣೆಗೂ ಈ ಅನುಭವವೇ ದಾರಿದೀಪವಾಯಿತು.

ಹೊಳೆಯುವ ಬಣ್ಣದ ಕೆಲಸಕ್ಕೆ ರೂಢಿಗೆ ಬಂದ ಎಚ್ಚರಿಕೆಗಳು ಓದಲು ಬಹಳ ಸಾಧಾರಣ. ಕುಂಚವಾಗಲಿ ಬೆರಳಾಗಲಿ ಬಾಯಿಗೆ ಹೋಗಕೂಡದು. ಕೆಲಸದ ಜಾಗದಲ್ಲಿ ತಿಂಡಿ, ಚಹಾ, ಸಿಗರೇಟು ಕೂಡದು. ಒಣ ಪುಡಿಯನ್ನು ಗಾಳಿ ಹೊರಗೆ ಸೆಳೆಯುವ ಪೆಟ್ಟಿಗೆಯೊಳಗೇ ಕಲಸಬೇಕು. ಕೈಗವಸು, ಬೇರೆ ಉಡುಪು ಬೇಕು; ಆ ಉಡುಪು ಮನೆಗೆ ಹೋಗಕೂಡದು. ಹೊರಡುವ ಮುನ್ನ ಕೈ ತೊಳೆದು ಪರೀಕ್ಷೆಗೆ ಒಡ್ಡಬೇಕು. ಮೇಜು, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ದೇಹದಲ್ಲಿ ರೇಡಿಯಂ ಇದ್ದರೆ ಉಸಿರಿನಲ್ಲಿ ರೇಡಾನ್ ಅನಿಲ ಬರುತ್ತದೆಯಾದ್ದರಿಂದ ಉಸಿರಿನ ಪರೀಕ್ಷೆ ಮಾಡಬೇಕು. ಫಲಿತಾಂಶವನ್ನು ಕೆಲಸಗಾರನಿಗೆ ತಿಳಿಸಬೇಕು.

ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸಿತು. ಕುಂಚವನ್ನು ತುಟಿಗೆ ತಾಗಿಸುವುದು ನಿಂತ ಮೇಲೆ ಕೆಲಸಕ್ಕೆ ಸೇರಿದವರಲ್ಲಿ ದವಡೆ, ಎಲುಬಿನ ಆ ಭೀಕರ ರೋಗಗಳು ಬಹುಮಟ್ಟಿಗೆ ಇಲ್ಲವಾದವು. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ 1924ರಲ್ಲಿ ಇದೇ ಕೆಲಸಕ್ಕೆ ಸೇರಿದ್ದ ಮೇ ಕೀನ್ ಎಂಬಾಕೆಗೆ ಬಣ್ಣದ ಮರಳು ಮರಳಾದ ರುಚಿ ಹಿಡಿಸಲಿಲ್ಲ. ಸ್ವಲ್ಪ ಕಾಲದಲ್ಲೇ ಆ ಕೆಲಸ ಬಿಟ್ಟರು. ಅವರು 2014ರಲ್ಲಿ 107ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ನಿಯಮ ಕಾಗದದಲ್ಲಿದ್ದರೆ ಸಾಲದು ಎಂಬುದಕ್ಕೂ ಒಟ್ಟಾವಾ ಪಟ್ಟಣವೇ ಸಾಕ್ಷಿ. ಹಳೆಯ ಕಂಪನಿಯ ಮುಖ್ಯಸ್ಥನಾಗಿದ್ದವನೇ ಅಲ್ಲಿ ಇನ್ನೊಂದು ಹೆಸರಿನಲ್ಲಿ ತೆರೆದ ಕಾರ್ಖಾನೆ 1978ರವರೆಗೂ ನಡೆಯಿತು. ವಿಕಿರಣ ಮಿತಿಮೀರಿದ್ದು ಪತ್ತೆಯಾದ ಮೇಲೆಯೇ ಅದು ಮುಚ್ಚಿದ್ದು.

ಟ್ರಾಂಬೆ ಮತ್ತು ಮಾಯಾಪುರಿ

ಅಮೆರಿಕದ ಈ ಹಳೆಯ ಕಥೆಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ತುಮಕೂರಿನವರಾದ ಡಾ. ರಾಜಾ ರಾಮಣ್ಣ ನಿರ್ದೇಶಕರಾಗಿದ್ದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಮುಂಬಯಿ ಕನ್ನಡಿಗರಿಗೆ ಅಪರಿಚಿತವಲ್ಲ. ವಿಕಿರಣ ಸುರಕ್ಷತೆಯನ್ನು ನೋಡಿಕೊಳ್ಳಲು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಚೇರಿಯೂ ಅಣುಶಕ್ತಿನಗರದಲ್ಲೇ ಇದೆ. ವಿಕಿರಣದ ನಡುವೆ ದುಡಿಯುವವರಿಗೆ ಮಂಡಳಿ ಇಟ್ಟಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ಮೀರಕೂಡದು. ಜನಸಾಮಾನ್ಯರಿಗೆ ವರ್ಷಕ್ಕೆ 1. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ವಿಭಾಗದವರ ಎದೆಯ ಮೇಲೆ ಕಾಣುವ ಪುಟ್ಟ ಬ್ಯಾಡ್ಜು ಅಲಂಕಾರಕ್ಕಲ್ಲ. ಅವರ ದೇಹಕ್ಕೆ ತಗುಲಿದ ವಿಕಿರಣದ ಪಾಸ್‌ಬುಕ್ಕು ಅದು. ಗ್ರೇಸ್, ಕ್ಯಾಥರೀನ್ ಅವರಿಗೆ ಇಲ್ಲದೇ ಹೋದದ್ದು ಈ ಪಾಸ್‌ಬುಕ್ಕೇ.

ಆದರೆ ವಸ್ತು ಏನೆಂದು ಹೇಳದೆ ಕೈಗೆ ಕೊಡುವ ರೋಗ ನಮ್ಮಲ್ಲೂ ಇದೆ. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರವೊಂದನ್ನು 2010ರಲ್ಲಿ ಗುಜರಿಗೆ ಹರಾಜು ಹಾಕಲಾಯಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರಿಗೆ ಅದು ಬರೀ ಲೋಹ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಮೃತಪಟ್ಟ. ಆರೆಂಜ್ ಕಾರ್ಖಾನೆಗೂ ಮಾಯಾಪುರಿಗೂ ನಡುವೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಆದರೆ ಎರಡೂ ಕಡೆ ಕೈಯಲ್ಲಿ ಹಿಡಿದವರಿಗೆ ಯಾರೂ ಹೇಳಿರಲಿಲ್ಲ.

ಹಳೆಯ ಗಡಿಯಾರ ಮನೆಯಲ್ಲಿದ್ದರೆ

1960ರ ದಶಕದ ನಂತರ ಕೈಗಡಿಯಾರಗಳಲ್ಲಿ ರೇಡಿಯಂ ಬಳಕೆ ಕ್ರಮೇಣ ನಿಂತಿತು. ಅದರ ಜಾಗಕ್ಕೆ ಕಡಿಮೆ ಅಪಾಯದ ಪ್ರೊಮೀಥಿಯಂ, ಟ್ರಿಟಿಯಂ ಬಂದವು. 1990ರ ದಶಕದಿಂದ ಹೆಚ್ಚಿನ ಗಡಿಯಾರಗಳಲ್ಲಿ ವಿಕಿರಣವೇ ಇಲ್ಲದ, ಬೆಳಕನ್ನು ಹೀರಿ ಮರಳಿ ಕೊಡುವ ಬಣ್ಣ ಬಳಕೆಯಲ್ಲಿದೆ. ಆದ್ದರಿಂದ ಈಗಿನ ಗಡಿಯಾರ ಕಟ್ಟಿದವರು ಚಿಂತಿಸಬೇಕಾಗಿಲ್ಲ.

ಆದರೆ ಅಜ್ಜನ ಕಾಲದ ವಿದೇಶಿ ಅಲಾರಂ ಗಡಿಯಾರ, ಚೋರ್ ಬಜಾರಿನಲ್ಲಿ ಕೊಂಡ ಹಳೆಯ ಮಿಲಿಟರಿ ವಾಚು, ವಿಮಾನದ ಮೀಟರು ಮನೆಯಲ್ಲಿದ್ದರೆ ಎಚ್ಚರವಿರಲಿ. ಈಗ ಅದು ಹೊಳೆಯುತ್ತಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬುದು ತಪ್ಪು ಕಲ್ಪನೆ. ದಣಿದಿರುವುದು ಝಿಂಕ್ ಸಲ್ಫೈಡ್, ರೇಡಿಯಂ ಅಲ್ಲ. ನೂರು ವರ್ಷದಲ್ಲಿ ಅದು ಕಡಿಮೆಯಾಗುವುದು ನೂರರಲ್ಲಿ ನಾಲ್ಕು ಭಾಗ ಮಾತ್ರ. ಗಾಜು ಭದ್ರವಾಗಿದ್ದರೆ ಗಾಬರಿಯಾಗುವ ಅಗತ್ಯವಿಲ್ಲ. ಅದನ್ನು ಬಿಚ್ಚಬಾರದು, ಅಂಕಿಯ ಮೇಲಿನ ಬಣ್ಣವನ್ನು ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು, ಮಲಗುವ ತಲೆದಿಂಬಿನ ಬಳಿ ಇಡಬಾರದು. ರಿಪೇರಿಗೆ ಒಯ್ದರೆ ಗಡಿಯಾರದವನಿಗೆ ಮೊದಲೇ ತಿಳಿಸಬೇಕು. ಡಯಲಿನ ಧೂಳನ್ನು ಬಾಯಿಯಿಂದ ಊದುವುದು ನಮ್ಮ ಎಷ್ಟೋ ರಿಪೇರಿಯವರ ರೂಢಿ. ಊದಿದ ಧೂಳು ಮರಳಿ ಬರುವುದು ಅದೇ ಉಸಿರಿಗೆ.

ಕೇಳುವ ಅಭ್ಯಾಸ

ಹೊರನಾಡಿನ ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುತ್ತವೆ. ಶ್ಲಾಘನೀಯ ಕೆಲಸ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವನ್ನೂ ನೋಡುತ್ತಾರೆ. ಅಲ್ಲಿ ತುಂಬಿಸುವ ಫಾರಮಿನಲ್ಲಿ ಹೆಸರು, ವಯಸ್ಸು, ವಿಳಾಸದ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಹೇಗೆ? ಯಾವ ಕೆಲಸ ಮಾಡುತ್ತೀರಿ, ಕೈಯಲ್ಲಿ ಏನನ್ನು ಮುಟ್ಟುತ್ತೀರಿ, ಹಿಂದೆ ಎಲ್ಲಿ ದುಡಿದಿದ್ದೀರಿ ಎಂಬ ಸಾಲು. ಬಣ್ಣದ ಕಾರ್ಖಾನೆ, ವೆಲ್ಡಿಂಗ್ ಶಾಪು, ಬ್ಯಾಟರಿ ಅಂಗಡಿ, ಗುಜರಿ ವ್ಯಾಪಾರ, ಎಕ್ಸ್‌ರೇ ವಿಭಾಗ, ಎಲ್ಲ ಕಡೆಯೂ ನಮ್ಮವರಿದ್ದಾರೆ. ದಂತವೈದ್ಯರು ಆ ಹುಡುಗಿಯರೆಲ್ಲ ಒಂದೇ ಕಡೆ ದುಡಿದವರು ಎಂದು ಗಮನಿಸಿದ ಮೇಲೆಯೇ ರೋಗದ ಮೂಲ ಸಿಕ್ಕಿದ್ದು.

ದಿನಗೂಲಿಯವನಿರಲಿ, ಕಾಯಂ ನೌಕರನಿರಲಿ, ಕೈಗೆ ಕೊಟ್ಟ ವಸ್ತು ಏನು, ಅದರಿಂದ ಏನಾಗುತ್ತದೆ ಎಂದು ಕೇಳುವುದು ಉದ್ಧಟತನವಲ್ಲ, ಅದು ಹಕ್ಕು. ಕೇಳಿದವನಿಗೆ ಸರಿಯಾದ ಉತ್ತರ ಕೊಡುವುದು ಕೆಲಸ ಕೊಟ್ಟವನ ಕರ್ತವ್ಯ. ಗ್ರೇಸ್ ಫ್ರೈಯರ್ ಕೇಳಿದ್ದರು. ಅವರಿಗೆ ಸಿಕ್ಕಿದ್ದು ಸುಳ್ಳು ಉತ್ತರ. ಆ ಒಂದು ಉತ್ತರ ಸರಿಯಿದ್ದಿದ್ದರೆ ಆಕೆ ಬ್ಯಾಂಕಿನ ಮೇಜಿನ ಮುಂದೆ ಉಕ್ಕಿನ ಪಟ್ಟಿ ಕಟ್ಟಿಕೊಂಡು ಕೂರಬೇಕಾಗಿರಲಿಲ್ಲ.

ಮುಂದಿನ ಸಲ ಕ್ಯಾಶ್ ಕೌಂಟರಿನ ಮುಂದೆ ನಿಂತಾಗ ಆ ಒದ್ದೆ ಸ್ಪಂಜಿನ ಬಟ್ಟಲನ್ನು ಒಮ್ಮೆ ನೋಡಿ. ಅದರ ಬೆಲೆ ಕೆಲವು ರೂಪಾಯಿ ಮಾತ್ರ.